ಅರಸರ ಕುದುರೆಯ ನಡೆ

ಕಳೆದ ಬೇಸಗೆಯ ಒಂದು ಮಧ್ಯಾಹ್ನ ಮೂಡಲಪಾಳ್ಯದ ನನ್ನ ಮನೆಯ ಜಗಲಿಯಲ್ಲಿ ನೆರೆಮನೆಯ ಬಾಲಕನೊಬ್ಬನು ಒಂದು ಕೈಯಲ್ಲಿ ದಾಳ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಕುಳಿತಿದ್ದನು. ಅದು ಇಂಗ್ಲೆಂಡಿನಲ್ಲಿ 1982ರಲ್ಲಿ ಸ್ಟೀವ್ ಜಾಕ್ಸನ್, ಇಯಾನ್ ಲಿವಿಂಗ್‌ಸ್ಟನ್ ಎಂಬಿಬ್ಬರು ರಚಿಸಿದ ‘ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’. ಸಂಖ್ಯೆಗಳಿಟ್ಟ 400 ಖಂಡಗಳು. ಅವನ್ನು ಸಾಲಾಗಿ ಓದುವಂತಿಲ್ಲ. ಎಡಕ್ಕೆ ತಿರುಗುವುದೋ ಬಲಕ್ಕೋ ಎಂಬುದನ್ನು ಓದುಗನೇ ನಿಶ್ಚಯಿಸಿ, ಸೂಚಿತವಾದ ಖಂಡಕ್ಕೆ ನೆಗೆಯಬೇಕು. ನಾನೂ ಆಡಿದೆ, ಮೂರು ಸಾರಿ ಸತ್ತೆ. ದಾಳದ ಕಾಟ ಅತಿಯೆನಿಸಿದರೂ, ಓದುಗನ ಕೈಗೇ ದಾರಿಯನ್ನು ಒಪ್ಪಿಸುವ ಆ ಯುಕ್ತಿ ಮನಸ್ಸಿಗೆ ಹಿಡಿಸಿತು. ಒಡನೆಯೇ ನೆನಪಾದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಜನಿಸಿದ ಅವರು, ಟಿಪ್ಪುವಿನ ಪತನದ ತರುವಾಯ 1799ರಲ್ಲಿ, ಇನ್ನೂ ಐದು ವರ್ಷ ತುಂಬದ ಕೂಸಾಗಿದ್ದಾಗಲೇ ಪಟ್ಟವೇರಿದರು. ಅವರು ಪ್ರಾಪ್ತವಯಸ್ಕರಾಗುವವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು. 1831ರಲ್ಲಿ, ನಗರ ಪ್ರಾಂತದ ರೈತರ ದಂಗೆಯ ಬಳಿಕ, ದುರಾಡಳಿತದ ಆರೋಪ ಹೊರಿಸಿ ಇಂಗ್ಲಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. ಆಗ ಅರಸರಿಗೆ 37 ವರ್ಷ. ಮುಂದೆ ಇನ್ನೂ 37 ವರ್ಷ ಅವರು ಅಧಿಕಾರವಿಲ್ಲದ ಅರಸರಾಗಿ ಬಾಳಿದರು.

ಅವರ ಹೆಸರಿನ ಮಹಾಗ್ರಂಥ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದರಲ್ಲಿ ಆಟಗಳೂ ಸೇರಿವೆ. ಅವರು ಕಲ್ಪಿಸಿದ ಗಂಜೀಫದ ಆಟಗಳಲ್ಲೊಂದಕ್ಕೆ 360 ಎಲೆಗಳು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಾರಿ ಮುಟ್ಟಿ ಬರುವ ದಾರಿಗಳನ್ನು ಅವರು ಅಂಕಿಗಳಲ್ಲಿ ಗುರುತಿಸಿದರು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಕಣ್ಣು ನೆಗೆಯುತ್ತ ಹೋಗಬೇಕು, ಬಾಲಕನ ಪುಸ್ತಕದಂತೆಯೇ.

ರಾಜ್ಯ ಕಳೆದುಕೊಂಡು ಆಟದಲ್ಲಿ ಮೈಮರೆತ ಅರಸರೆಂದೇ ಬಹುಕಾಲ ನಾನು ತರಗತಿಯಲ್ಲಿ ಅವರನ್ನು ಬಣ್ಣಿಸಿದೆ. ಅದು ಅನ್ಯಾಯ. ಅದೇ ವರ್ಷಗಳಲ್ಲಿ ಅವರು ರಾಜ್ಯವನ್ನು ಹಿಂದಿರುಗಿಸಬೇಕೆಂದು ಮೇಲಿಂದ ಮೇಲೆ ಮನವಿ ಸಲ್ಲಿಸುತ್ತಲೇ ಇದ್ದರು. 1865ರಲ್ಲಿ ಬಾಲಕ ಚಾಮರಾಜೇಂದ್ರರನ್ನು ದತ್ತು ಪಡೆದರು. ಆ ದತ್ತಕವನ್ನು ಇಂಗ್ಲಿಷರು ಮಾನ್ಯ ಮಾಡಿದ ಮೇಲೆಯೇ, 1868ರಲ್ಲಿ ಕಣ್ಣುಮುಚ್ಚಿದರು. 1881ರಲ್ಲಿ ರಾಜ್ಯ ಹಿಂದಿರುಗಿತು, ನೋಡಲು ಅವರಿರಲಿಲ್ಲ. ಎಲ್ಲ ದಾರಿಗಳೂ ಮುಚ್ಚಿದಂತೆ ಕಂಡಾಗಲೂ ಇನ್ನೊಂದು ನಡೆಯುಂಟೆಂದು ನಂಬಿದ ಮನಸ್ಸು ಅದು. ಆಟ, ಅಹವಾಲು ಎರಡರಲ್ಲೂ ದುಡಿದದ್ದು ಅದೇ.

ಬಾಲಕನಿಗೆ 64 ಮನೆಗಳನ್ನು ಬರೆದುಕೊಟ್ಟು ಕುದುರೆಯನ್ನು ನಡೆಸೆಂದೆ. ಮೊದಲ ದಿನ ಅವನು ನಡುದಾರಿಯಲ್ಲೇ ಸಿಕ್ಕಿಕೊಂಡನು. ಮರುದಿನ ಹೊಸ ಹಾಳೆಯೊಡನೆ ಬಂದನು.