ಜೂಲಿಯಸ್ ರೋಸನ್‌ವಾಲ್ಡ್

ಜೂಲಿಯಸ್ ರೋಸನ್‌ವಾಲ್ಡ್ (ಆಗಸ್ಟ್ 12, 1862 – ಜನವರಿ 6, 1932) ಅಮೆರಿಕದ ಉದ್ಯಮಿ ಹಾಗೂ ದಾನಿ. ಜರ್ಮನಿಯಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನಿಸಿದರು. ಉಡುಪು ವ್ಯಾಪಾರದಿಂದ ಆರಂಭಿಸಿ, ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ರೋಬಕ್ ಸಂಸ್ಥೆಯ ಪಾಲುದಾರರಾದರು. 1908ರಲ್ಲಿ ಅದರ ಅಧ್ಯಕ್ಷರಾದರು.

ಶಾಲೆಗಳ ನಿರ್ಮಾಣ

ಜನಾಂಗದ್ವೇಷದ ನೋವು ಯಹೂದಿಗಳಿಗೆ ಹೊಸದಲ್ಲವೆಂಬ ಅರಿವು ಅವರನ್ನು ಕಪ್ಪು ಜನರ ಶಿಕ್ಷಣದತ್ತ ಸೆಳೆಯಿತು. ಗುಲಾಮಗಿರಿಯಲ್ಲಿ ಹುಟ್ಟಿ ಶಿಕ್ಷಣತಜ್ಞರಾಗಿ ಬೆಳೆದ ಬೂಕರ್ ಟಿ. ವಾಷಿಂಗ್ಟನ್ ಅವರ ಪರಿಚಯ 1911ರಲ್ಲಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳ ಶಾಲೆಗಳಿಗೆ ದೊರೆಯುತ್ತಿದ್ದ ಸರ್ಕಾರಿ ಹಣ ಅತ್ಯಲ್ಪ. ವಾಷಿಂಗ್ಟನ್‌ರ ಸಲಹೆಯಂತೆ ಮೊದಲು ಅಲಬಾಮಾದಲ್ಲಿ ಆರು ಶಾಲೆಗಳು ಎದ್ದವು. 1932ರ ವೇಳೆಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಾದವು. ವಿದ್ಯುತ್ತಿಲ್ಲದ ಹಳ್ಳಿಗಳಾದ್ದರಿಂದ, ಬೆಳಕಿಗಾಗಿ ಕಟ್ಟಡಗಳಿಗೆ ಸಾಲುಸಾಲಾಗಿ ಎತ್ತರದ ಕಿಟಕಿಗಳನ್ನು ಇರಿಸಲಾಗುತ್ತಿತ್ತು.

ರೋಸನ್‌ವಾಲ್ಡ್ ಪೂರ್ಣ ವೆಚ್ಚವನ್ನು ಕೊಡುತ್ತಿರಲಿಲ್ಲ. ಉಳಿದುದನ್ನು ಸ್ಥಳೀಯ ಸಮುದಾಯ ಹಾಗೂ ಸರ್ಕಾರ ಭರಿಸಬೇಕಿತ್ತು. ತೆರಿಗೆ ಕಟ್ಟಿಯೂ ಮತ್ತೆ ಕಾಸು ಕೂಡಿಸಿ, ಜಮೀನು, ಮರಮುಟ್ಟು, ದುಡಿಮೆಗಳನ್ನು ನೀಡಿದ ಕಪ್ಪು ರೈತಾಪಿ ಜನರ ಕೊಡುಗೆ ಒಟ್ಟಾರೆಯಾಗಿ ಅವರ ದಾನವನ್ನೂ ಮೀರಿತು. ಶಾಲೆಗಳು ಅವರ ಹೆಸರಿನಿಂದಲೇ ಪ್ರಸಿದ್ಧವಾದರೂ ಈ ಅಂಶ ಮರೆಯತಕ್ಕದ್ದಲ್ಲ. ವರ್ಣಭೇದದ ಪ್ರತ್ಯೇಕ ಶಾಲಾ ಪದ್ಧತಿಯನ್ನು ಎದುರಿಸದೆ ಅದರೊಳಗೇ ನಡೆದುದು ಯೋಜನೆಯ ಮಿತಿ. ಆದರೂ ಆ ಪದ್ಧತಿಯ ವಿರುದ್ಧ ಮುಂದೆ ಹೋರಾಡಿದ ಜಾನ್ ಲೂಯಿಸ್ ಓದಿದ್ದು ಇಂತಹ ಶಾಲೆಯಲ್ಲೇ.

ರೋಸನ್‌ವಾಲ್ಡ್ ನಿಧಿ

1917ರಲ್ಲಿ ಸ್ಥಾಪಿತವಾದ ಈ ನಿಧಿಯು ಲ್ಯಾಂಗ್‌ಸ್ಟನ್ ಹ್ಯೂಸ್, ಗಾಯಕಿ ಮರಿಯನ್ ಆಂಡರ್ಸನ್ ಮೊದಲಾದವರಿಗೂ ಸಹಾಯಧನ ನೀಡಿತು. ದತ್ತಿಹಣ ಶಾಶ್ವತವಾಗಿ ಕೂಡಿಡತಕ್ಕದ್ದಲ್ಲವೆಂಬುದು ಸ್ಥಾಪಕರ ನಿಲುವು. ಅದರಂತೆ ಹಣವನ್ನೆಲ್ಲ ವ್ಯಯಿಸಿ, 1948ರಲ್ಲಿ ನಿಧಿಯನ್ನು ಮುಚ್ಚಲಾಯಿತು.