ಪೋಸ್ಟೆಲ್ ಕೊಟ್ಟ ಅಂಕಗಳು

ಹಾಸ್ಟೆಲ್ ವೈಫೈಗೆ ಕನೆಕ್ಟ್ ಆಗಿ ನಿಮ್ಮ ಫೋನಿನ ಐಪಿ ಅಡ್ರೆಸ್ ನೋಡಿ. 192.168 ಅಂತಲೋ 10 ಅಂತಲೋ ಶುರುವಾಗಿರುತ್ತೆ. ಪಕ್ಕದ ಪಿಜಿಯಲ್ಲೂ ಅದೇ, ನಿಮ್ಮ ಮನೆಯಲ್ಲೂ ಅದೇ. ಈ ನಂಬರುಗಳನ್ನು ಯಾರು ಬೇಕಾದರೂ ಒಳಗೊಳಗೇ ಬಳಸಿಕೊಳ್ಳಲಿ ಅಂತ ಎತ್ತಿಟ್ಟಿದ್ದು ಐಎಎನ್ಎ. ಆಗ ಅದನ್ನು ನಡೆಸುತ್ತಿದ್ದವರು ಜಾನ್ ಪೋಸ್ಟೆಲ್. ನಾವೆಲ್ಲ ಹುಟ್ಟೋಕೆ ಮುಂಚೆಯೇ ತೀರಿಕೊಂಡವರು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್ಎನಲ್ಲಿ. 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಅಲ್ಲೇ ಬಂತು, ಪೋಸ್ಟೆಲ್ ಆಗ ಅಲ್ಲಿನ ವಿದ್ಯಾರ್ಥಿ. ಆರ್‌ಎಫ್‌ಸಿ ಅನ್ನೋ ದಾಖಲೆಗಳನ್ನು ತಿದ್ದಿ, ನಂಬರ್ ಹಾಕಿ, ಹಂಚೋ ಕೆಲಸ ಅವರ ಕೈಗೆ ಬಂತು. ಯಾವ ಕೆಲಸಕ್ಕೆ ಯಾವ ಪೋರ್ಟ್ ನಂಬರ್ ಅಂತ ಪಟ್ಟಿ ಇಡೋದೂ ಅವರದ್ದೇ. ಉದ್ದ ಗಡ್ಡ, ಕಾಲಲ್ಲಿ ಚಪ್ಪಲಿ. ಗುಮಾಸ್ತನ ಕೆಲಸ ಅಂತ ಬೇರೆಯವರು ಬಿಟ್ಟುಬಿಡಬಹುದಾಗಿದ್ದನ್ನು ಅವರು ಸಾಯೋವರೆಗೂ ಮಾಡಿದರು.

1977ರಲ್ಲಿ ಐಎಸ್ಐ ಅನ್ನೋ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಡ್ಯಾನಿ ಕೋಹೆನ್ ಅನ್ನುವವರು ಆಗಲೇ ನೆಟ್‌ವರ್ಕ್ ಮೇಲೆ ಮಾತು ಕಳಿಸುತ್ತಿದ್ದರು. ಹೌದು, ಇಂಟರ್ನೆಟ್ ಟೆಲಿಫೋನಿ ಸ್ಕೈಪ್‌ನಿಂದ ಶುರುವಾಗಿದ್ದಲ್ಲ, 1974ರಲ್ಲೇ ಪ್ರಯೋಗ ನಡೆದಿತ್ತು. ಆಗ ಟಿಸಿಪಿ ಒಂದೇ ದೊಡ್ಡ ಮುದ್ದೆ. ಕಳೆದುಹೋದ ಪ್ಯಾಕೆಟ್ ಮತ್ತೆ ಬರೋವರೆಗೆ ಎಲ್ಲವನ್ನೂ ಕಾಯಿಸೋದು ಅದರ ಸ್ವಭಾವ. ಫೈಲ್‌ಗೆ ಅದು ಸರಿ. ಮಾತಿಗೆ ಅಲ್ಲ, ಅರ್ಧ ಸೆಕೆಂಡ್ ತಡವಾಗಿ ಬಂದ ಅಕ್ಷರ ಯಾರಿಗೆ ಬೇಕು? 1977ರ ಆಗಸ್ಟ್‌ನಲ್ಲಿ ಪೋಸ್ಟೆಲ್ ಒಂದು ಚಿಕ್ಕ ಟಿಪ್ಪಣಿ ಬರೆದು, ಎರಡು ಪದರದ ಕೆಲಸವನ್ನು ಒಂದರಲ್ಲೇ ತುರುಕಿ ತಪ್ಪು ಮಾಡ್ತಿದ್ದೀವಿ ಅಂತ ವಾದಿಸಿದರು. ಟಿಸಿಪಿ, ಐಪಿ ಬೇರೆಯಾದವು. 1980ರಲ್ಲಿ ಯುಡಿಪಿ ಬಂತು, ಬರೆದವರು ಪೋಸ್ಟೆಲ್. ಮೂರೇ ಪುಟ! ನಮ್ಮ ಲ್ಯಾಬ್ ರೆಕಾರ್ಡ್‌ನ ಒಂದು ಎಕ್ಸ್‌ಪೆರಿಮೆಂಟ್‌ಗಿಂತ ಚಿಕ್ಕದು. ಇವತ್ತಿನ ವಾಯ್ಸ್ ಕಾಲ್‌ಗಳು ಹೆಚ್ಚಾಗಿ ಓಡೋದು ಅದರ ಮೇಲೇ.

ನನಗೆ ಅವರ ಬಗ್ಗೆ ತುಂಬಾ ಇಷ್ಟವಾದದ್ದು ಅವರು ಬರೆದಿಟ್ಟ ಪರೀಕ್ಷೆ. ಒಬ್ಬರ ಟಿಸಿಪಿ ಕೋಡ್ ಸರಿಯಿದೆಯಾ ಅಂತ ಹೇಗೆ ತಿಳಿಯೋದು? ಆಗ ಸ್ಪೆಸಿಫಿಕೇಶನ್ನೇ ಇನ್ನೂ ಬದಲಾಗುತ್ತಿತ್ತು. ಅದಕ್ಕೆ ಕೋಡ್ ಬರೆದವರನ್ನೆಲ್ಲ ಸೇರಿಸಿ, ಒಬ್ಬರ ಕೋಡ್ ಇನ್ನೊಬ್ಬರ ಕೋಡ್ ಜೊತೆ ಮಾತಾಡಿಸೋದು. ಇದಕ್ಕೆ ಬೇಕ್-ಆಫ್ ಅಂತ ಹೆಸರು. 1987ರಲ್ಲಿ ಪೋಸ್ಟೆಲ್ ಅದರ ನಿಯಮಗಳನ್ನು ಆರ್‌ಎಫ್‌ಸಿ 1025 ಅಂತ ಪ್ರಕಟಿಸಿದರು. ಬಾಕ್ಸಿಂಗ್ ಥರ ಫೆದರ್‌ವೇಟ್, ಮಿಡಲ್‌ವೇಟ್, ಹೆವಿವೇಟ್ ಅಂತ ವಿಭಾಗ. ನಿಮ್ಮ ಕೋಡ್ ತನ್ನ ಜೊತೆ ತಾನೇ ಕನೆಕ್ಟ್ ಆದರೆ 1 ಅಂಕ. ಬೇರೆಯವರ ಜೊತೆ ಮಾತಾಡಿದರೆ ಇನ್ನೂ ಹೆಚ್ಚು. ವಿಚಿತ್ರ ಪ್ಯಾಕೆಟ್ ಬಂದರೂ ಬೀಳದೆ ನಿಂತರೆ ಅಂಕ, ಒಳ್ಳೆ ನೆಪ ಹೇಳಿದವರಿಗೂ ಅಂಕ. ನಮ್ಮ ವೈವಾದಲ್ಲಿ ಆ ಕೊನೇದು ಇದ್ದಿದ್ದರೆ ಅರ್ಧ ಕ್ಲಾಸ್ ಡಿಸ್ಟಿಂಕ್ಷನ್.

ಈ ಲೆಕ್ಕವನ್ನು ಇವತ್ತಿನ ಇಂಟರ್‌ವ್ಯೂಗೆ ಹಾಕಿ ನೋಡಿ. ಸಿಪ್ ಅಂದರೆ ಕಾಲ್ ಜೋಡಿಸೋ ಪ್ರೋಟೋಕಾಲ್, ಅದರ ಪೋರ್ಟ್ ಯಾವುದು ಅಂತ ಕೇಳಿದರೆ 5060 ಅಂತ ಯಾರಾದರೂ ಬಾಯಿಪಾಠ ಒಪ್ಪಿಸ್ತಾರೆ. ಬದಲು ಹೀಗೆ ಕೇಳಲಿ: ಹಾಸ್ಟೆಲ್‌ನಿಂದ ಕಾಲ್ ಮಾಡಿದೆ, ಆ ಕಡೆ ರಿಂಗ್ ಆಯ್ತು, ಎತ್ತಿದರು, ನನ್ನ ಮಾತು ಅವರಿಗೆ ಕೇಳ್ತಿದೆ, ಅವರದ್ದು ನನಗಿಲ್ಲ. ಯಾಕೆ? ಸಾಮಾನ್ಯ ಕಾರಣ ನ್ಯಾಟ್. ಅದು ಪ್ಯಾಕೆಟ್‌ನ ಹೆಡರ್‌ನಲ್ಲಿರೋ 192.168 ಅನ್ನು ಹೊರಗಿನ ಅಡ್ರೆಸ್‌ಗೆ ಬದಲಿಸುತ್ತೆ. ಯುಡಿಪಿ ಚೆಕ್‌ಸಮ್ ಲೆಕ್ಕದಲ್ಲಿ ಐಪಿ ಅಡ್ರೆಸ್ ಕೂಡ ಸೇರೋದರಿಂದ ಅದನ್ನೂ ತಿದ್ದಬೇಕು, ತಿದ್ದುತ್ತೆ. ಆದರೆ ಸಿಪ್ ಸಂದೇಶದ ಹೊಟ್ಟೆಯೊಳಗೆ, ನನಗೆ ಧ್ವನಿ ಈ ಅಡ್ರೆಸ್‌ಗೆ ಕಳಿಸು ಅಂತ ಬರೆದಿರೋದು ಇನ್ನೂ 192.168. ಕವರ್ ಮೇಲಿನ ವಿಳಾಸ ಬದಲಾಯ್ತು, ಒಳಗಿನ ಕಾಗದದ್ದು ಹಾಗೇ ಇದೆ. ಆ ಕಡೆಯ ಫೋನ್ ಪಾಪ ಅದನ್ನೇ ನಂಬಿ ಕಳಿಸುತ್ತೆ, ಧ್ವನಿ ದಾರಿಯಲ್ಲೇ ಸಾಯುತ್ತೆ. ಒಂದೇ ವೈಫೈನಲ್ಲಿ ಎರಡು ಫೋನ್ ಇಟ್ಟು ಟೆಸ್ಟ್ ಮಾಡಿ ಪ್ರಾಜೆಕ್ಟ್ ಮುಗೀತು ಅನ್ನೋರಿಗೆ ಇದು ಕಾಣೋದೇ ಇಲ್ಲ. ಪೋಸ್ಟೆಲ್ ಲೆಕ್ಕದಲ್ಲಿ ಅವರು ಇನ್ನೂ ಆ 1 ಅಂಕದ ಸುತ್ತಮುತ್ತಲೇ ಇದ್ದಾರೆ.

ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಅನ್ನೋದು ಅವರು ಕೊಟ್ಟ ಸೂತ್ರ. ಇದರಿಂದ ತಪ್ಪು ಕೋಡ್‌ಗಳೂ ಬದುಕಿಕೊಂಡವು ಅಂತ ಬೈಯೋರಿದ್ದಾರೆ. ಬೈಗುಳದಲ್ಲಿ ಸತ್ಯ ಇದೆ. ಆದರೆ ಉದಾರವಾಗಿರದಿದ್ದರೆ ಆ ಕಾಲದ ಅರೆಬೆಂದ ಕೋಡ್‌ಗಳು ಒಂದಕ್ಕೊಂದು ಮಾತಾಡ್ತಾನೇ ಇರಲಿಲ್ಲ ಅನ್ನಿಸುತ್ತೆ ನನಗೆ.

ಕೊನೆಯ ವರ್ಷ ಗಲಾಟೆಯದ್ದು. 1998ರ ಜನವರಿಯಲ್ಲಿ ಅವರು ಹೇಳಿದ ಕೂಡಲೇ 8 ರೂಟ್ ಸರ್ವರ್ ನಡೆಸೋರು ತಮ್ಮ ಸರ್ವರ್‌ಗಳನ್ನು ಐಎಎನ್ಎ ಕಡೆ ತಿರುಗಿಸಿದರು. ಅದೂ ಒಂದು ಟೆಸ್ಟ್ ಅಂದರು ಪೋಸ್ಟೆಲ್. ಅಮೆರಿಕ ಸರ್ಕಾರ ಸಿಟ್ಟಾಯ್ತು, ವಾಪಸ್ ತಿರುಗಿಸಬೇಕಾಯ್ತು. ಅದೇ ವರ್ಷ ಅಕ್ಟೋಬರ್ 16ರಂದು, ಹೃದಯದ ಕಾಯಿಲೆಯಿಂದ, 55ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಿಪ್‌ನ ಮೊದಲ ಆರ್‌ಎಫ್‌ಸಿ ಹೊರಬಿದ್ದಿದ್ದು 1999ರ ಮಾರ್ಚ್‌ನಲ್ಲಿ. ಅವರು ನೋಡಲಿಲ್ಲ. 2003ರಲ್ಲಿ ಸ್ಟನ್ ಬಂತು. ನ್ಯಾಟ್ ಹಿಂದೆ ಕೂತ ಫೋನು ಮೊದಲು ಹೊರಗಿನ ಒಂದು ಸರ್ವರ್‌ಗೆ ಚಿಕ್ಕ ಯುಡಿಪಿ ಪ್ಯಾಕೆಟ್ ಕಳಿಸಿ, ಅಲ್ಲಿಂದ ನನ್ನ ವಿಳಾಸ ಏನಂತ ಕಾಣಿಸ್ತಿದೆ ಅಂತ ಕೇಳುತ್ತೆ. ಉತ್ತರ ಬಂದ ಮೇಲೆ ಆ ವಿಳಾಸವನ್ನು ಒಳಗಿನ ಕಾಗದದಲ್ಲಿ ಬರೆದು ಕಾಲ್ ಶುರು ಮಾಡುತ್ತೆ.