ದಿನದ ಚಿಂತನೆ: ಒಂದೊಂದೇ ಸಾಲು



ಗಾಯಕ ಕರ್ಟಿಸ್ ಮೇಫೀಲ್ಡ್ ಅವರ ಬದುಕನ್ನು ನಾನು ಆಗಾಗ ನೆನೆಯುತ್ತೇನೆ. ಅವರು ಹುಟ್ಟಿದ್ದು 1942ರಲ್ಲಿ, ಅಮೆರಿಕದ ಶಿಕಾಗೋದಲ್ಲಿ, ಬಡ ಕಪ್ಪುವರ್ಣೀಯ ಕುಟುಂಬದಲ್ಲಿ. ಗಿಟಾರನ್ನು ತಾವಾಗಿಯೇ ಕಲಿತರು. ಪಿಯಾನೋದ ಕಪ್ಪು ಮನೆಗಳ ಸ್ವರಕ್ಕೆ ತಂತಿಗಳನ್ನು ಶ್ರುತಿ ಮಾಡಿಕೊಂಡರು. ಬೇರೆ ವಾದಕರ ಪದ್ಧತಿ ಹಾಗಿರಲಿಲ್ಲ. ಆದರೂ ಅವರು ತಮ್ಮ ಶ್ರುತಿಯನ್ನು ಬಿಡಲಿಲ್ಲ.

ಇಂಪ್ರೆಷನ್ಸ್ ತಂಡಕ್ಕೆ ಅವರು ಬರೆದ ‘ಜಿಪ್ಸಿ ವುಮನ್’ 1961ರಲ್ಲಿ, ‘ಐ ಆಮ್ ಸೋ ಪ್ರೌಡ್’ 1964ರಲ್ಲಿ ಹೊರಬಂದವು. ಎರಡೂ ಪ್ರೇಮಗೀತೆಗಳು. ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಬಲ ಕೊಟ್ಟ ಹಾಡುಗಳನ್ನೂ ಅವರು ಅದೇ ಮೃದು ದನಿಯಲ್ಲಿ ಹಾಡಿದರು.

1990ರ ಆಗಸ್ಟ್ 13. ಬ್ರೂಕ್ಲಿನ್‌ನ ಬಯಲು ವೇದಿಕೆಯಲ್ಲಿ ದೀಪಗಳ ಚೌಕಟ್ಟು ಗಾಳಿಗೆ ಕುಸಿದು ಅವರ ಮೇಲೆ ಬಿತ್ತು. ಕುತ್ತಿಗೆಯಿಂದ ಕೆಳಗೆ ದೇಹ ಚಲನೆ ಕಳೆದುಕೊಂಡಿತು. ಗಿಟಾರ್ ಮತ್ತೆ ಕೈಗೆ ಬರಲಿಲ್ಲ.

ಆದರೂ 1996ರಲ್ಲಿ ‘ನ್ಯೂ ವರ್ಲ್ಡ್ ಆರ್ಡರ್’ ಎಂಬ ಹೊಸ ಆಲ್ಬಂ ಬಂತು. ಉಸಿರು ಸಾಲಲೆಂದು ಬೆನ್ನ ಮೇಲೆ ಮಲಗಿ ಹಾಡಿದರು. ಒಂದು ಸಾಲು, ಸ್ವಲ್ಪ ವಿಶ್ರಾಂತಿ, ಮತ್ತೊಂದು ಸಾಲು. ಹೀಗೆ ಹಾಡುಗಳು ಪೂರ್ತಿಯಾದವು. 1999ರ ಡಿಸೆಂಬರ್ 26ರಂದು ಅವರು ತೀರಿಕೊಂಡರು.

ನೋವು ಅವರನ್ನು ಬಿಟ್ಟು ಹೋಗಲಿಲ್ಲ. ಅದು ಹೋಗಲಿ, ಆಮೇಲೆ ಹಾಡುತ್ತೇನೆ ಎಂದು ಅವರು ಕಾಯಲೂ ಇಲ್ಲ. ನನ್ನ ಮನಸ್ಸು ನಿಲ್ಲುವುದು ಇಲ್ಲಿಯೇ. ಮನಸ್ಸು ತಿಳಿಯಾದ ಮೇಲೆ, ಕಷ್ಟ ತೀರಿದ ಮೇಲೆ ಎಂದು ನಾವು ಎಷ್ಟು ಒಳ್ಳೆಯ ಕೆಲಸಗಳನ್ನು ಮುಂದೂಡುತ್ತೇವೆ!

ಇಂದು ಎದೆಗುಂದಿದರೆ, ಇಡೀ ಹಾಡಿನ ಚಿಂತೆ ಬೇಡ. ಒಂದು ಸಾಲಿಗೆ ಉಸಿರು ಇದೆಯೇ ಎಂದು ನೋಡಿಕೊಳ್ಳೋಣ.